ಮುಖ ಮುಚ್ಚಿದ ಕೈ

ಫ್ಲೆಕ್ಸ್ ಅಂಗಡಿಯಲ್ಲಿ ಅವಳ ಹೆಸರು ರಿಂಗಕ್ಕ. ಯಂತ್ರದಿಂದ ಇಳಿದ ಬ್ಯಾನರಿನ ಅಂಚನ್ನು ಮಡಚಿ ಅಂಟಿಸಿ, ಹಗ್ಗ ಕಟ್ಟುವುದಕ್ಕೆ ಬೇಕಾದ ಲೋಹದ ರಿಂಗುಗಳನ್ನು ಅದರಲ್ಲಿ ಕೂರಿಸುವುದು ಅವಳ ಕೆಲಸ. ತೂತು ಹೊಡೆಯಬೇಕು, ರಿಂಗು ಇಡಬೇಕು, ಮೈಭಾರವನ್ನೆಲ್ಲ ಬಿಟ್ಟು ಹಿಡಿಯನ್ನು ಒತ್ತಬೇಕು. ಟಕ್. ಅವಳು ಕೂರಿಸಿದ ರಿಂಗು ಎಂಥ ಗಾಳಿಗೂ ಕಿತ್ತು ಬಂದದ್ದಿಲ್ಲ. ಅಂಗಡಿಯ ಯಜಮಾನ ಗಿರಾಕಿಗಳ ಮುಂದೆ ಅದನ್ನು ತನ್ನದೇ ಗುಣವೆಂಬಂತೆ ಹೇಳಿಕೊಳ್ಳುತ್ತಿದ್ದ.

ಬಣ್ಣಕ್ಕೆ ಗೀರು ಬೀಳಬಾರದೆಂದು ಬ್ಯಾನರನ್ನು ಮೇಜಿನ ಮೇಲೆ ಮಗುಚಿ ಹಾಸುತ್ತಿದ್ದರು. ಹಾಗಾಗಿ ರಿಂಗಕ್ಕನಿಗೆ ಕಾಣುತ್ತಿದ್ದುದು ಬೆನ್ನು ಮಾತ್ರ, ಬರೀ ಬಿಳಿ. ಗೆದ್ದವರು, ಸೋತವರು, ಮದುವೆಯಾಗುವವರು, ತೀರಿಕೊಂಡವರು, ಎಲ್ಲರೂ ಅವಳ ಮುಂದೆ ಬೋರಲು ಮಲಗಿರುತ್ತಿದ್ದರು. ಯಾರ ಮುಖವನ್ನೂ ನೋಡದೆ ಊರಿನ ಸುಖದುಃಖಕ್ಕೆಲ್ಲ ತೂತು ಹೊಡೆಯುವ ಕೆಲಸ.

“ಅಕ್ಕ, ನಿನ್ನೆ ಅಧ್ಯಕ್ಷರ ಕಿವಿಗೇ ರಿಂಗು ಹೊಡೆದಿದ್ದೀಯ ನೋಡು. ಓಲೆ ಹಾಕ್ಕೊಂಡ ಹಾಗೆ ಕಾಣ್ತಾರೆ,” ಎಂದು ಯಂತ್ರ ನಡೆಸುವವನು ಕೆಣಕುತ್ತಿದ್ದ. ಅವನನ್ನು ಇಂಕು ಎನ್ನುತ್ತಿದ್ದರು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ನೀಲಿ ಹೋಗದ ನಡುವಯಸ್ಸಿನ ಮನುಷ್ಯ.

“ಇನ್ನಾದ್ರೂ ಕೇಳಿಸುತ್ತೇನೋ,” ಎಂದು ಅವಳು ತಲೆ ಎತ್ತದೆ ಹೇಳುತ್ತಿದ್ದಳು. ಅಷ್ಟೇ. ದಿನಕ್ಕೆ ಅಂಥದ್ದೊಂದು ಮಾತು ಅವಳಿಂದ ಬಂದರೆ ಹೆಚ್ಚು.

ಅವಳ ಮೇಜು ಅಂಗಡಿಯ ಹಿಂಭಾಗದಲ್ಲಿ, ನಿಲ್ಲಿಸಿದ ಫ್ಲೆಕ್ಸ್ ಸುರುಳಿಗಳ ಮರೆಯಲ್ಲಿತ್ತು. ಅಲ್ಲಿ ಗಾಳಿಯಿಲ್ಲ, ಅಂಟಿನ ವಾಸನೆ ಮೂಗಿನಲ್ಲೇ ಕೂತುಬಿಡುತ್ತದೆ. ಫ್ಯಾನಿನ ಕೆಳಗೆ ಬಾ ಎಂದು ಯಜಮಾನ ಎಷ್ಟೋ ಸಲ ಕರೆದಿದ್ದ. ಅವಳು ಬಂದಿರಲಿಲ್ಲ. ಫ್ಯಾನಿನ ಕೆಳಗೆ ನಿಂತರೆ ರಸ್ತೆಗೆ ಕಾಣುತ್ತದೆ.

ಬಾಡಿಗೆಗೆ ಹಿಡಿದ ಕೋಣೆಯೂ ಹಾಗೆಯೇ. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಒಂದೇ ಕಿಟಕಿ, ಅದು ಪಕ್ಕದ ಕಟ್ಟಡದ ಗೋಡೆಗೆ ತೆರೆದುಕೊಳ್ಳುತ್ತದೆ. ಬೆಳಕಿಲ್ಲವೆಂದು ಬೇರೆಯವರು ಬಿಟ್ಟುಹೋದ ಕೋಣೆಯನ್ನು ಅವಳು ಅದೇ ಕಾರಣಕ್ಕೆ ಹಿಡಿದಿದ್ದಳು. ದಾರಿಯಲ್ಲಿ ನಡೆಯುವಾಗ ವಾಹನಗಳು ಎದುರಿಗೆ ಬರುವ ಬದಿಯಲ್ಲೇ ನಡೆಯುತ್ತಿದ್ದಳು. ಹಿಂದಿನಿಂದ ಬರುವ ಇಂಜಿನ್ನಿನ ಸದ್ದು ಅವಳಿಗೆ ಆಗದು.

ಅವಳೂ ಮಗಳೂ ಈ ಊರಿಗೆ ಬಂದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಗಂಡ ಎಲ್ಲಿ ಎಂದು ಯಜಮಾನ ಕೇಳಿದಾಗ “ಇಲ್ಲ” ಎಂದಿದ್ದಳು. ಅವನು ನಾಲಗೆ ಲೊಚಗುಟ್ಟಿ ಸುಮ್ಮನಾಗಿದ್ದ. ಅವನು ತಿಳಿದುಕೊಂಡದ್ದನ್ನು ಅವಳು ತಿದ್ದಲಿಲ್ಲ.

ಗಂಡ ಇದ್ದ. ಸರಕು ಗಾಡಿ ಓಡಿಸುತ್ತಿದ್ದ. ಕೂಗಾಡುವವನಲ್ಲ, ನೆರೆಯವರ ಬಾಯಲ್ಲಿ ಸಂಭಾವಿತ. ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುವಾಗಲೂ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಳ್ಳುತ್ತಿದ್ದ. ಮೊದಲ ಸಲ ಅವಳು ಮಗುವನ್ನು ಎತ್ತಿಕೊಂಡು ಓಡಿದ್ದು ಅಕ್ಕನ ಮನೆಗೆ. ಅಲ್ಲಿ ಪಕ್ಕದ ಮನೆಯ ಕೂಸಿನ ಹುಟ್ಟುಹಬ್ಬ. ಯಾರೋ ಫೋಟೋ ತೆಗೆದರು, ಯಾರಿಗೋ ಕಳಿಸಿದರು, ಆ ಯಾರೋ ಇನ್ಯಾರಿಗೋ. ಫೋಟೋದ ಒಂದು ಮೂಲೆಯಲ್ಲಿ ಬಲೂನು ಹಿಡಿದು ಅವಳ ಮಗಳು ನಿಂತಿದ್ದಳು. ವಾರ ಕಳೆಯುವುದರೊಳಗೆ ಅವನು ಬಂದ. ಕುರ್ಚಿಯಲ್ಲಿ ಕೂತು ನೀರು ಕೇಳಿ ಕುಡಿದ. ಲೋಟವನ್ನು ತಾನೇ ತೊಳೆದಿಟ್ಟ. “ಹೊರಡೋಣ್ವಾ?” ಎಂದ. ಅಕ್ಕನ ಮನೆಯವರೆಲ್ಲ ಎಷ್ಟು ಒಳ್ಳೆಯವನು ಎಂದುಕೊಂಡರು. ಗಾಡಿಯಲ್ಲಿ ಮಗು ನಿದ್ದೆಹೋದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ: “ಇನ್ನೊಂದ್ಸಲ ಹೀಗೆ ಮಾಡಿದ್ರೆ ವಾಪಸ್ ಬರೋದು ಮಗು ಒಂದೇ.”

ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತ್ತು. ಎರಡನೆಯ ಸಲ ಓಡಿದಾಗ ನೆಂಟರಿಲ್ಲದ ಊರು ಹುಡುಕಿದಳು. ಅಕ್ಕನಿಗೂ ಹೇಳಲಿಲ್ಲ.

ಮಗಳಿಗೆ ಒಂದು ಆಟ ಕಲಿಸಿದಳು. ಮಗಳನ್ನು ಎಲ್ಲರೂ ಕುಳ್ಳಿ ಎನ್ನುತ್ತಿದ್ದರು; ವಯಸ್ಸಿಗೆ ತಕ್ಕ ಎತ್ತರ ಬಂದಿರಲಿಲ್ಲ, ಮಾತು ಮಾತ್ರ ಎರಡು ಆಳಿನಷ್ಟಿತ್ತು. ಆಟ ಹೀಗೆ: ಅಮ್ಮ ಬಟ್ಟೆ ಒಗೆಯುತ್ತಲೋ ಪಾತ್ರೆ ತೊಳೆಯುತ್ತಲೋ ಇದ್ದಕ್ಕಿದ್ದಂತೆ ಸಾಬೂನಿನ ಡಬ್ಬಿಯನ್ನು ಮೊಬೈಲಿನಂತೆ ಎತ್ತಿ ಹಿಡಿಯುವುದು, ಅವಳು ಕಣ್ಣುಮಿಟುಕಿಸುವುದರೊಳಗೆ ಕುಳ್ಳಿ ಮುಖ ಮುಚ್ಚಿಕೊಳ್ಳುವುದು.

“ಸಿಕ್ಕಿಬಿದ್ದೆ!”

“ಇಲ್ಲ, ಮೊದಲೇ ಮುಚ್ಚಿದ್ದೆ. ನೀನೇ ಕುರುಡಿ.”

“ಬಾಯಿ ನೋಡು. ಯಾರಾದ್ರೂ ಫೋನ್ ಎತ್ತಿದ್ರೆ ಏನ್ಮಾಡ್ಬೇಕು?”

“ಮುಚ್ಕೋಬೇಕು. ಟೀಚರ್ ಎತ್ತಿದ್ರೂ. ದೇವ್ರೇ ಎತ್ತಿದ್ರೂ.”

“ಯಾಕೆ ಅಂತ ಕೇಳಿದ್ರೆ?”

“ನಾಚಿಕೆ ಆಗುತ್ತೆ ಅನ್ಬೇಕು.”

ಶಾಲೆಗೆ ಒಂದು ಟ್ರಸ್ಟಿನವರು ಬಂದು ಮಕ್ಕಳಿಗೆಲ್ಲ ಶೂ ಕೊಟ್ಟರು. ಕುಳ್ಳಿ ಅದನ್ನು ಹಾಕಿಕೊಳ್ಳದೆ, ಧೂಳಾಗುತ್ತದೆಂದು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಮನೆಗೆ ಬಂದಳು. ಶೂ ನೋಡುವುದಕ್ಕೂ ಮೊದಲು ಅಮ್ಮ ಕೇಳಿದ್ದು: “ಫೋಟೋ ತೆಗೆದ್ರಾ?”

“ಹೂಂ. ದೊಡ್ಡ ಕ್ಯಾಮೆರಾ, ಪೈಪಿನ ಥರ. ನಾನು ಮುಚ್ಕೊಂಡೆ.”

“ಎರಡೂ ಕೈಯಲ್ಲಿ?”

“ಒಂದ್ ಕೈಯಲ್ಲಿ ಶೂ ಇತ್ತಲ್ಲಮ್ಮ. ಅದನ್ನ ಬಿಸಾಕಕ್ಕಾಗುತ್ತಾ?”

ಅಮ್ಮ ನಕ್ಕು ಅವಳ ತಲೆ ನೇವರಿಸಿದಳು. ಜಾಣೆ ಎಂದಳು. ಅವತ್ತು ಇಬ್ಬರೂ ಶೂವಿನ ವಾಸನೆ ನೋಡಿದರು, ದಾರ ಕಟ್ಟುವುದು ಕಲಿತರು. ಹೆದರಿಕೆ ಆ ಸಂಜೆ ಅವರ ಕೋಣೆಯ ಹೊರಗೇ ಉಳಿಯಿತು.

ಅದಾಗಿ ಕೆಲವು ದಿನಗಳಿಗೆ ಅಂಗಡಿಗೆ ದೊಡ್ಡ ಆರ್ಡರು ಬಂತು. ಸುತ್ತಮುತ್ತಲಿನ ಬಸ್ ನಿಲ್ದಾಣಗಳಿಗೆಲ್ಲ ಒಂದೇ ಬ್ಯಾನರು. ಮೊದಲನೆಯದನ್ನು ಹಿಂದಿನ ದಿನವೇ ಹೆದ್ದಾರಿಯ ದೊಡ್ಡ ನಿಲ್ದಾಣಕ್ಕೆ ಕಳಿಸಿ ಕಟ್ಟಿಸಿಯಾಗಿತ್ತು. ಉಳಿದವುಗಳಿಗೆ ರಿಂಗಕ್ಕ ಬೆಳಗಿನಿಂದ ರಿಂಗು ಕೂರಿಸುತ್ತಿದ್ದಳು. ಒಂದರ ಅಂಚಿನಿಂದ ಅಂಟು ಒಸರಿ ಮುಂಭಾಗಕ್ಕೆ ಇಳಿಯಿತು. ಒರೆಸೋಣವೆಂದು ಬಟ್ಟೆ ಹಿಡಿದು ಮೂಲೆಯನ್ನು ಮಗುಚಿದಳು.

ಒಂದು ಬೆರಳು ಕಂಡಿತು. ಅವಳ ತೋಳಿನಷ್ಟು ದಪ್ಪದ ಕಿರುಬೆರಳು. ತುದಿಯಲ್ಲಿ ಒಳಕ್ಕೆ ಬಾಗಿ, ಪಕ್ಕದ ಬೆರಳಿನ ಮೇಲೆ ಒರಗಿಕೊಂಡಿದ್ದ ಬೆರಳು.

ಅಂಥ ಬೆರಳು ಕುಳ್ಳಿಗಿದೆ. ಕುಳ್ಳಿಯ ಅಪ್ಪನಿಗಿದೆ. ಅವನ ಅಮ್ಮನಿಗಿದೆ. ಮಗು ಹುಟ್ಟಿದಾಗ ಅತ್ತೆ ಮುಖ ನೋಡಿರಲಿಲ್ಲ. ಮುಷ್ಟಿ ಬಿಡಿಸಿ ನೋಡಿ, “ನಮ್ಮನೆ ಬೆರಳು” ಎಂದು ಆಸ್ಪತ್ರೆಯ ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿದ್ದಳು.

ರಿಂಗಕ್ಕ ಇನ್ನಷ್ಟು ಮಗುಚಿದಳು. ಮೂಗು ಬಾಯಿ ಮುಚ್ಚಿದ ಅಂಗೈ. ಅದರ ಮೇಲೆ ಎರಡು ಕಣ್ಣು, ಬೆದರಿ ಅಗಲವಾದ, ಅವಳೇ ಸಾಬೂನಿನ ಡಬ್ಬಿ ಹಿಡಿದು ಕಲಿಸಿದ ಕಣ್ಣು. ಎದೆಗೆ ಅವಚಿಕೊಂಡ ಹೊಸ ಶೂ. ಕೆಳಗೆ ದೊಡ್ಡ ಅಕ್ಷರದಲ್ಲಿ: “ನಾಚುತ್ತಾಳೆ, ಕೇಳಲಾರಳು. ನೀವೇ ಕೊಡಿ.” ಅದರ ಕೆಳಗೆ ಶೂ ಕೊಟ್ಟ ಟ್ರಸ್ಟಿನ ಹೆಸರು, ಒಂದು ಫೋನ್ ನಂಬರು.

ನಗುತ್ತಾ ನಿಂತ ಅಷ್ಟೊಂದು ಮಕ್ಕಳ ನಡುವೆ ಕ್ಯಾಮೆರಾದವನು ಇವಳನ್ನೇ ಯಾಕೆ ಆರಿಸಿದ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬೇರೆ ಮಕ್ಕಳು ಬರೀ ಮಕ್ಕಳ ಹಾಗೆ ಕಂಡರು. ಇವಳೊಬ್ಬಳೇ ಹೆದರಿದವಳ ಹಾಗೆ ಕಂಡಳು.

ರಿಂಗಕ್ಕ ಬ್ಲೇಡು ಎತ್ತಿಕೊಂಡು ಬೆರಳಿನ ಮೇಲೆ ಉದ್ದಕ್ಕೆ ಎಳೆದಳು.

“ಏಯ್, ಏನಾಯ್ತಕ್ಕ?” ಇಂಕು ಓಡಿ ಬಂದ. “ಹರೀತಾ? ಹೋಗ್ಲಿ ಬಿಡು, ಯಜಮಾನ್ರಿಗೆ ಹೇಳ್ಬೇಡ. ಇನ್ನೊಂದು ಬಿಡ್ತೀನಿ. ಫೈಲ್ ಇದೆಯಲ್ಲ, ಎಷ್ಟು ಬೇಕಾದ್ರೂ ಹೊಡೀಬಹುದು.”

ಎಷ್ಟು ಬೇಕಾದರೂ. ಬ್ಲೇಡು ಅವಳ ಕೈಯಲ್ಲೇ ಉಳಿಯಿತು. ಇದನ್ನು ಕತ್ತರಿಸಿ ಮುಗಿಸಲು ಆಗುವುದಿಲ್ಲ. ನಿಲ್ಲಿಸಬೇಕಾದರೆ ಯಾಕೆಂದು ಹೇಳಬೇಕು. ಹೇಳಿದರೆ ಅದೂ ಒಂದು ಬ್ಯಾನರೇ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಟ್ಟುತ್ತಾ ಹೋಗುತ್ತದೆ.

ಯಜಮಾನನ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು: “ಅದು ನನ್ನ ಮಗಳು.”

ಅವನು ಎದ್ದೇ ನಿಂತ. “ಯಾವುದು? ಟ್ರಸ್ಟಿಂದಾ? ಅಯ್ಯೋ, ನಮ್ಮ ಕುಳ್ಳೀನಾ! ನಾನು ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಈ ಕಣ್ಣು ಎಲ್ಲೋ ನೋಡಿದ್ದೀನಲ್ಲ ಅಂತ. ಏಯ್ ಇಂಕು, ಬಾರೋ ಇಲ್ಲಿ! ನಮ್ಮ ಹುಡುಗಿ ಊರಿಗೆಲ್ಲ ಫೇಮಸ್ಸು!”

ಇಂಕು ಬಂದು ನೋಡಿ ಬೆರಗಾದ. “ಅಕ್ಕ, ಹೇಳೋದಲ್ವಾ! ಸ್ವೀಟ್ ಯಾವಾಗ?” ಎನ್ನುತ್ತಾ ಜೇಬಿನಿಂದ ಮೊಬೈಲು ತೆಗೆದು ಬ್ಯಾನರಿನ ಕಡೆ ಹಿಡಿದ. “ಸ್ಟೇಟಸ್ಸಿಗೆ ಹಾಕ್ತೀನಿ.”

“ಬೇಡ!”

ಆ ಅಂಗಡಿಯಲ್ಲಿ ಅವಳ ದನಿಯನ್ನು ಯಾರೂ ಅಷ್ಟು ಎತ್ತರದಲ್ಲಿ ಕೇಳಿರಲಿಲ್ಲ. ಯಂತ್ರವೊಂದೇ ತನ್ನ ಪಾಡಿಗೆ ಅತ್ತಿತ್ತ ಓಡುತ್ತಿತ್ತು. ಅದರ ಕೆಳಗಿನಿಂದ ಕುಳ್ಳಿಯ ಹಣೆ, ಇನ್ನೊಂದು ಹೊಸ ಹಣೆ, ಗೆರೆಗೆರೆಯಾಗಿ ಹೊರಗೆ ಬರುತ್ತಿತ್ತು.

“ಅವಳಪ್ಪ ಬದುಕಿದ್ದಾನೆ,” ಎಂದಳು ರಿಂಗಕ್ಕ. “ಹುಡುಕ್ತಾ ಇದ್ದಾನೆ. ಸಿಕ್ಕಿದ್ರೆ ನನ್ನನ್ನ ಬಿಡಲ್ಲ.”

ಯಜಮಾನ ಕೂತುಕೊಂಡ. ಇಂಕು ಹೋಗಿ ಯಂತ್ರದ ಗುಂಡಿ ಒತ್ತಿದ. ಹಣೆ ಅರ್ಧಕ್ಕೆ ನಿಂತಿತು.

ಯಜಮಾನ ಫೋನು ಮಾಡಿದ ಕೂಡಲೇ ಟ್ರಸ್ಟಿನ ಮೇಡಂ ತಾವೇ ಕಾರು ಓಡಿಸಿಕೊಂಡು ಬಂದರು. ಹತ್ತಿಯ ಸೀರೆ, ನರೆಗೂದಲು, ಕಾಳಜಿಯಿಂದ ಗಂಟಿಕ್ಕಿದ ಹುಬ್ಬು. ಕೆಟ್ಟವರಲ್ಲ. ಅದೇ ಕಷ್ಟವಾಗಿತ್ತು, ಕೆಟ್ಟವರಾಗಿದ್ದರೆ ರಿಂಗಕ್ಕನಿಗೆ ಜಗಳವಾಡುವುದಾದರೂ ಸುಲಭವಾಗುತ್ತಿತ್ತು.

“ಹೆಡ್ ಮಿಸ್ ಒಪ್ಪಿಗೆ ಕೊಟ್ಟಿದ್ರಲ್ಲಮ್ಮ,” ಎಂದರು ಮೇಡಂ, ತಮಗೆ ತಾವೇ ಹೇಳಿಕೊಂಡಂತೆ.

“ಅವರೇನು ಹೆತ್ತವರಾ ಮೇಡಂ?”

“ಅಲ್ಲ. ಸರಿ, ಅಲ್ಲ.” ಮೇಡಂ ಬ್ಯಾನರಿನ ಕಡೆ ತಿರುಗಿ ಹೇಳಿದರು: “ನಮ್ಮಲ್ಲಿ ಒಂದು ನಿಯಮ ಇದೆ. ಮಗುವಿನ ಪೂರ್ತಿ ಮುಖ ಕಾಣೋ ಫೋಟೋ ಹಾಕಬಾರದು ಅಂತ. ನಾನೇ ಹಟ ಮಾಡಿ ತಂದ ನಿಯಮ. ಅದಕ್ಕೇ ಇದನ್ನ ಆರಿಸಿದ್ದು. ಮುಖ ಮುಚ್ಚಿದೆಯಲ್ಲ, ಯಾರಿಗೂ ಗುರುತು ಸಿಗಲ್ಲ ಅಂತ.”

ರಿಂಗಕ್ಕ ಮೇಜಿನ ಮೇಲಿದ್ದ ಆ ಬೆರಳನ್ನು ತೋರಿಸಿದಳು. “ಅವರ ಮನೆಯಲ್ಲಿ ಮುಖ ನೋಡಲ್ಲ ಮೇಡಂ. ಇದನ್ನ ನೋಡ್ತಾರೆ.”

ಮೇಡಂ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ನಗ್ತಾ ಇರೋ ಫೋಟೋ ತುಂಬಾ ಇದ್ವು,” ಎಂದರು. “ಜನ ನಗೋ ಮಗುವಿಗೆ ಕೈ ಬಿಚ್ಚಲ್ಲ. ಹಾಗಂತ ನಾವು ಹೇಳ್ಕೊಳ್ಳಲ್ಲ. ಆದ್ರೆ ಗೊತ್ತಿರುತ್ತೆ.”

ಪೊಲೀಸರಿಗೆ ತಿಳಿಸೋಣವೇ ಎಂದು ಯಜಮಾನ ಕೇಳಿದ. “ಏನಂತ ತಿಳಿಸ್ತೀರಿ?” ಎಂದಳು ರಿಂಗಕ್ಕ. “ಅಪ್ಪ ಮಗಳನ್ನ ನೋಡೋಕೆ ಬರ್ತಾನೆ ಅಂತಲಾ? ಕುರ್ಚಿ ಹಾಕಿ ಕೂರಿಸ್ತಾರೆ. ಅವನು ಅಷ್ಟು ಚೆನ್ನಾಗಿ ಮಾತಾಡ್ತಾನೆ.”

ಯಜಮಾನ ಫೈಲು ಅಳಿಸಿದ. ಅಂಗಡಿಯಲ್ಲಿದ್ದ ಬ್ಯಾನರುಗಳನ್ನು ತಾನೇ ಕತ್ತರಿಸುತ್ತೇನೆಂದ. ಮೇಡಂ ಆಫೀಸಿನ ಹುಡುಗಿಗೆ ಫೋನು ಮಾಡಿ ಟ್ರಸ್ಟಿನ ಪೇಜಿನಿಂದಲೂ ತೆಗೆಸಿದರು. ಉಳಿದದ್ದು ಹೆದ್ದಾರಿಯ ನಿಲ್ದಾಣದಲ್ಲಿ ನಿನ್ನೆಯಿಂದ ಗಾಳಿಗೆ ನಿಂತಿದ್ದ ಆ ಒಂದು. ಊರೂರು ಸುತ್ತುವ ಸರಕು ಗಾಡಿಗಳೆಲ್ಲ ನೀರಿಗೆ, ಚಹಾಕ್ಕೆ ನಿಲ್ಲುವ ಜಾಗ. ಕಟ್ಟಿದವನು ಬೇರೆ ಊರಿಗೆ ಹೋಗಿದ್ದ, ಮಾರನೆಯ ದಿನವೇ ಬರುವುದು.

“ನಾನೇ ಹೋಗ್ತೀನಿ,” ಎಂದಳು ರಿಂಗಕ್ಕ.

“ಅಕ್ಕ, ನೀನು ಅಲ್ಲಿ ಕಾಣಿಸ್ಕೊಳ್ಳೋದು ಸರೀನಾ? ನಾನೊಬ್ಬನೇ ಹೋಗಿ ಬಿಚ್ಕೊಂಡು ಬರ್ತೀನಿ,” ಎಂದ ಇಂಕು.

“ಇಲ್ಲಿ ಕೂತ್ರೆ ನಾನು ಸಾಯ್ತೀನಿ.”

ಅಂಗಡಿಯ ಮೂರು ಚಕ್ರದ ಗಾಡಿಯ ಹಿಂದೆ ಏಣಿ ಕಟ್ಟಿಕೊಂಡು ಹೊರಟರು. ಬಿಚ್ಚುವಾಗ ಯಾರಾದರೂ ಕೇಳಿದರೆ ಉತ್ತರವಿರಲೆಂದು ಯಾವುದೋ ಹಳೆಯ ಬ್ಯಾನರೊಂದನ್ನು ಸುತ್ತಿ ಹಾಕಿಕೊಂಡಿದ್ದರು. ಹಿಂದಿನಿಂದ ಯಾವ ಗಾಡಿ ಹಾರ್ನು ಹೊಡೆದರೂ ರಿಂಗಕ್ಕನ ಹೆಗಲು ಕಿವಿಯವರೆಗೆ ಏರುತ್ತಿತ್ತು. ಇಂಕು ಅದನ್ನು ನೋಡಿ, ಎಲ್ಲರಿಗೂ ಮುಂದೆ ಹೋಗಲು ದಾರಿ ಬಿಡುತ್ತಾ ನಿಧಾನವಾಗಿ ಓಡಿಸಿದ.

ನಿಲ್ದಾಣದ ನೀರಿನ ನಲ್ಲಿಗಳ ಮೇಲೆ, ಎರಡು ಕಂಬಗಳ ನಡುವೆ ಕುಳ್ಳಿ ನಿಂತಿದ್ದಳು. ಬಾಗಿ ನೀರು ಕುಡಿದವರು ತಲೆ ಎತ್ತಿದರೆ ಮೊದಲು ಕಾಣುವುದೇ ಅವಳ ಕಣ್ಣು. ಅಷ್ಟು ದೊಡ್ಡ ಮಗಳನ್ನು ರಿಂಗಕ್ಕ ನೋಡಿರಲಿಲ್ಲ. ಅಷ್ಟು ಜನ ಗಂಡಸರು ಒಟ್ಟಿಗೆ ಅವಳನ್ನು ನೋಡುತ್ತಿರುವುದನ್ನೂ ನೋಡಿರಲಿಲ್ಲ. ಇಂಕು ಗಾಡಿಯ ಮೇಲೆ ನಿಂತು ಒಂದು ಕಂಬಕ್ಕೆ, ಅವಳು ಇನ್ನೊಂದಕ್ಕೆ. ಏಣಿ ಏರಿ ಮೊದಲು ಕೈಯಿಂದ ಎಳೆದು ನೋಡಿದಳು. ರಿಂಗುಗಳು ಅಲುಗಲಿಲ್ಲ, ಹಿಂದಿನ ದಿನ ಅವಳೇ ಬೆನ್ನು ನೋಡಿಕೊಂಡು, ಮೈಭಾರ ಬಿಟ್ಟು ಕೂರಿಸಿದ್ದು. ಹಗ್ಗವನ್ನು ಬ್ಲೇಡಿನಿಂದ ಕೊಯ್ಯತೊಡಗಿದಳು.

“ಏನಮ್ಮ, ನಿನ್ನೆ ಕಟ್ಟಿದ್ದನ್ನ ಇವತ್ತೇ ಬಿಚ್ತಿದ್ದೀರಾ?” ಕೆಳಗಿನಿಂದ ಯಾರೋ ಕೂಗಿದರು.

“ಪ್ರಿಂಟ್ ತಪ್ಪಾಗಿದೆ,” ಎಂದ ಇಂಕು. “ಬೇರೆ ತಂದಿದ್ದೀವಿ.”

“ಎಲ್ಲಿ ತಪ್ಪಾಗಿದೆ? ಚೆನ್ನಾಗೇ ಇದೆಯಲ್ಲ. ನೋಡಿದ್ರೆ ಕರುಳು ಚುರ್ ಅನ್ನುತ್ತೆ.”

ಆಗ ಒಂದು ಸರಕು ಗಾಡಿ ಒಳಗೆ ಬಂದು ನಿಂತಿತು. ಗಂಡನ ಗಾಡಿಯದೇ ಬಣ್ಣ. ಬಾಗಿಲು ತೆರೆಯಿತು, ಹೆಗಲ ಮೇಲೆ ಟವೆಲು ಹಾಕಿಕೊಂಡ ಬೆನ್ನೊಂದು ಇಳಿಯಿತು. ಬಾಗಿಲನ್ನು ಮೆಲ್ಲಗೆ, ಸದ್ದಾಗದ ಹಾಗೆ ಮುಚ್ಚಿತು. ಇಳಿದರೆ ಕಾಣುತ್ತಾಳೆ, ಇಳಿಯದಿದ್ದರೂ ಕಾಣುತ್ತಾಳೆ. ಬ್ಯಾನರಿನ ಹಿಂಬದಿಯ ಬಿಳಿಗೆ ಹಣೆ ಒತ್ತಿಕೊಂಡು ನಿಂತಳು. ಆ ಬದಿಯಲ್ಲಿ ಮಗಳ ಮುಖ, ಈ ಬದಿಯಲ್ಲಿ ಅವಳದು; ನಡುವೆ ಕಾಗದದಷ್ಟು ದಪ್ಪದ ಹಾಳೆ. ಬೆನ್ನು ನಲ್ಲಿಗೆ ಬಂದು ಬಾಗಿ ಮುಖ ತೊಳೆದುಕೊಂಡು ತಿರುಗಿತು. ಯಾರೋ ಮೀಸೆಯಿಲ್ಲದ ಹುಡುಗ. ಅವಳನ್ನು ನೋಡಲೂ ಇಲ್ಲ.

ಬ್ಯಾನರು ಕೆಳಗೆ ಬಿತ್ತು. ಮುಖ ಒಳಗಾಗುವಂತೆ ಸುತ್ತುತ್ತಿದ್ದಾಗ, ನಲ್ಲಿಯ ಪಕ್ಕ ಹಣ್ಣು ಮಾರುವ ಅಜ್ಜಿ ತಾನಾಗಿಯೇ ಮಾತು ತೆಗೆದಳು.

“ಪಾಪದ ಕೂಸು. ಬೆಳಿಗ್ಗೆಯಿಂದ ಎಲ್ಲರೂ ಇದರ ಫೋಟೋ ತಕ್ಕೊಳ್ಳೋದೇ. ಒಬ್ಬ ಅಂತೂ ಸುಮಾರು ಹೊತ್ತು ನೋಡ್ತಾ ನಿಂತಿದ್ದ. ಆಮೇಲೆ ಹತ್ತಿರ ಬಂದು ತಕ್ಕೊಂಡ.”

ರಿಂಗಕ್ಕನ ಕೈ ನಿಂತಿತು. “ಹೇಗಿದ್ದ ಅಜ್ಜಿ?”

“ಹೇಗಿರ್ತಾನೆ? ಗಂಡಸು ಇದ್ದ ಹಾಗಿದ್ದ.”

“ಎತ್ತರಾನಾ? ಮಾತಾಡಿದ್ನಾ?”

“ಒಳ್ಳೆ ಮನುಷ್ಯ ಕಣಮ್ಮ. ಹಣ್ಣಿನ ಸಿಪ್ಪೆ ಕೂಡ ಕೆಳಗೆ ಹಾಕ್ಲಿಲ್ಲ, ಜೇಬಲ್ಲಿ ಇಟ್ಕೊಂಡು ಹೋದ.”

ಒಳ್ಳೆಯ ಮನುಷ್ಯರು ಲೋಕದಲ್ಲಿ ಬೇಕಾದಷ್ಟು ಇರುತ್ತಾರೆ. ಸಿಪ್ಪೆ ಕೆಳಗೆ ಹಾಕದವರೂ ಇರುತ್ತಾರೆ. ರಿಂಗಕ್ಕ ಹಾಗೆಂದು ತನಗೆ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಸುತ್ತಿದ ಬ್ಯಾನರನ್ನು ಬಿಚ್ಚಿ ಕೊನೆಯ ಸಾಲು ನೋಡಿದಳು. ಫೋನ್ ನಂಬರು. ಇಂಕುವಿನ ಮೊಬೈಲಿನಿಂದ ಮೇಡಂಗೆ ಮಾಡಿಸಿದಳು.

“ಮೇಡಂ, ಈ ನಂಬರಿಗೆ ಯಾರಾದ್ರೂ ಮಾಡಿದ್ರಾ?”

“ನಿನ್ನೆಯಿಂದ ಬರ್ತಾನೇ ಇದೆಯಂತಮ್ಮ. ಎಲ್ಲರೂ ಆ ಮಗುವಿಗೇ ಕೊಡ್ತೀವಿ ಅಂತಾರೆ. ಯಾವ ಊರು, ಯಾವ ಶಾಲೆ ಅಂತ—” ಮೇಡಂ ಮಾತು ಅಲ್ಲೇ ಕಡಿಯಿತು.

“ಹೇಳಿದ್ರಾ?”

“ಆಫೀಸಿನ ಹುಡುಗಿ ಫೋನ್ ತೆಗೀತಾಳೆ. ಇರಿ, ಕೇಳಿ ಹೇಳ್ತೀನಿ.”

ಮೇಡಂ ಕೇಳಿ ಹೇಳುವವರೆಗೆ ಇಬ್ಬರೂ ಕಾಯಲಿಲ್ಲ. ಇಂಕು ಏಣಿಯನ್ನು ಕಂಬಕ್ಕೆ ಒರಗಿಸಿದಲ್ಲೇ ಬಿಟ್ಟು ಗಾಡಿ ತಿರುಗಿಸಿದ. ಈಗ ಯಾರಿಗೂ ದಾರಿ ಬಿಡಲಿಲ್ಲ. ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು. ಗೇಟಿನಲ್ಲಿ ಯಾರು ಬಂದು ನಿಂತರೂ ಯಾರೂ ಕೇಳದ ಶಾಲೆ ಅದು. ಅಪ್ಪ ಎಂದರೆ ಅಪ್ಪ, ಮಾವ ಎಂದರೆ ಮಾವ. ರಿಂಗಕ್ಕ ಗಾಡಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದ್ದಳು, ತಾನು ನೂಕಿದರೆ ಗಾಡಿ ಇನ್ನಷ್ಟು ಬೇಗ ಹೋಗುತ್ತದೆಂಬಂತೆ. ಅವಳಿಗೆ ನೆನಪಾಗುತ್ತಿದ್ದುದು ಒಂದೇ. ಅಪ್ಪನನ್ನು ಕಂಡರೆ ಓಡಬೇಕೆಂದು ಅವಳು ಮಗಳಿಗೆ ಹೇಳಿರಲಿಲ್ಲ. ಮಗುವಿನ ಮನಸ್ಸಿನಲ್ಲಿ ಅಪ್ಪನನ್ನು ರಾಕ್ಷಸನನ್ನಾಗಿ ಮಾಡಬಾರದೆಂದು ಸುಮ್ಮನಿದ್ದಳು. ಕ್ಯಾಮೆರಾ ಕಂಡರೆ ಮುಖ ಮುಚ್ಚುವ ಮಗಳು ಅಪ್ಪ ಕಂಡರೆ ಕೈ ಚಾಚಿ ಓಡುತ್ತಾಳೆ.

ಬೆಲ್ ಹೊಡೆದಾಗಿತ್ತು. ಗೇಟಿನ ತುಂಬ ಒಂದೇ ಬಣ್ಣದ ಅಂಗಿ, ಒಂದೇ ಥರದ ಹೊಸ ಶೂ. ಯಾವ ತಲೆ ನೋಡಿದರೂ ಕುಳ್ಳಿಯದಲ್ಲ. ಅವಳು ಹೆಸರು ಹಿಡಿದು ಕೂಗಬೇಕೆಂದು ಬಾಯಿ ತೆರೆದಳು, ಕೂಗಲಿಲ್ಲ, ಯಾರು ಕೇಳಿಸಿಕೊಳ್ಳುತ್ತಾರೋ. ಮಕ್ಕಳು ಕರಗುತ್ತಾ ಬಂದರು. ಕೊನೆಗೆ ಅಂಗಳದ ಮೂಲೆಯಲ್ಲಿ, ಬಿಚ್ಚಿಕೊಂಡ ಶೂ ದಾರದ ಮೇಲೆ ಬಗ್ಗಿ, ಗೊಣಗುತ್ತಾ ಕೂತಿದ್ದ ಮಗಳು ಕಂಡಳು.

“ನೀನ್ಯಾಕೆ ಬಂದೆ?” ಎಂದಳು ಕುಳ್ಳಿ. “ಅಳ್ತಾ ಇದ್ದೀಯಾ? ಇಂಕು ಮಾಮ ಬೈದ್ರಾ?”

“ಯಾರಾದ್ರೂ ಬಂದಿದ್ರಾ? ನಿನ್ನ ಕೇಳ್ಕೊಂಡು?”

“ಯಾರೂ ಇಲ್ಲ. ಈ ದಾರ ಒಂದು, ಕಟ್ಟಿದ್ರೆ ನಿಲ್ಲಲ್ಲ.”

ಗಾಡಿಯ ಹತ್ತಿರ ಇಂಕು ಮೊಬೈಲನ್ನು ಕಿವಿಗೆ ಹಿಡಿದು ನಿಂತಿದ್ದ. ಅದನ್ನು ಅವಳ ಕೈಗೆ ಕೊಟ್ಟ.

“ಒಬ್ಬರಿಗೆ ಹೇಳಿದ್ದಾಳಂತೆ,” ಎಂದರು ಮೇಡಂ. “ಒಬ್ಬರಿಗೇ. ಊರು, ಶಾಲೆ, ಎರಡೂ. ಗಂಡಸಲ್ಲವಂತೆ. ವಯಸ್ಸಾದ ಹೆಂಗಸಿನ ದನಿ. ತುಂಬಾ ಮರುಗಿದರಂತೆ, ಅತ್ತರಂತೆ. ಅದಕ್ಕೇ ಹೇಳಿಬಿಟ್ಟೆ ಅಂತ ಈಗ ಇವಳು ಅಳ್ತಾ ಕೂತಿದ್ದಾಳೆ.”

ವಯಸ್ಸಾದ ಹೆಂಗಸು. ಯಾರಾದರೂ ಇರಬಹುದು. ಒಬ್ಬಂಟಿ ಅಜ್ಜಿಯೊಬ್ಬಳು ಬಸ್ಸಿಗೆ ಕಾಯುತ್ತಾ ಆ ಕಣ್ಣು ನೋಡಿ ನಿಜವಾಗಿಯೂ ಕರಗಿರಬಹುದು. ಅಥವಾ ಮಗ ತಂದು ತೋರಿಸಿದ ಫೋಟೋದಲ್ಲಿ ಮುಖ ನೋಡದೆ ಬೆರಳು ನೋಡಿ, “ನಮ್ಮನೆ” ಎಂದು ಅತ್ತವಳಿರಬಹುದು. ಮರುಗುವ ದನಿಗೂ ಹುಡುಕುವ ದನಿಗೂ ಫೋನಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವವರೆಗೆ ಕಾಯುವ ಧೈರ್ಯ ರಿಂಗಕ್ಕನಿಗೆ ಇರಲಿಲ್ಲ.

ಹೆಂಗಸರಿಗೂ ಮಕ್ಕಳಿಗೂ ಇರಲು ಜಾಗ ಕೊಡುವ ಮನೆಯೊಂದು ದೂರದ ಊರಿನಲ್ಲಿದೆ, ಈಗಲೇ ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು ಮೇಡಂ. ರಿಂಗಕ್ಕ ತಕ್ಷಣ ಹೂಂ ಎನ್ನಲಿಲ್ಲ.

“ಇನ್ಯಾರಿಗೆ ಹೇಳಿದ್ದೀರಿ?”

“ಯಾರಿಗೂ ಇಲ್ಲ. ಆಫೀಸಿನಲ್ಲೂ ಇಲ್ಲ.”

“ಅಲ್ಲಿ ಫೋಟೋ ತೆಗೀತಾರಾ?”

“ಇಲ್ಲಮ್ಮ,” ಎಂದರು. “ತೆಗೆಯೋಕೆ ಬಂದ್ರೆ ಬೇಡ ಅನ್ನಿ. ನನ್ನ ಹೆಸರಲ್ಲಿ ಬಂದ್ರೂ ಅನ್ನಿ.”

ಕೋಣೆ ಖಾಲಿ ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಸ್ಟೌ, ಒಂದು ಚಾಪೆ, ಬಟ್ಟೆಯ ಗಂಟು. ಬಿಸಿಲಿನ್ನೂ ಎದುರು ಗೋಡೆಯ ಮೇಲೆ ಇತ್ತು. ಇಂಕು ಗಂಟನ್ನು ಹೊತ್ತು ಮೆಟ್ಟಿಲಿಳಿದು ಮೇಡಂ ಕಾರಿನ ಹಿಂದೆ ಇಟ್ಟ. “ಹೋಗಿ ಬಾಕ್ಕ,” ಎಂದವನು, ಬಾ ಎನ್ನುವುದು ಸರಿಯೋ ತಪ್ಪೋ ತಿಳಿಯದೆ ಕುಳ್ಳಿಯ ಕೆನ್ನೆ ಚಿವುಟಿದ. ಅಲ್ಲಿ ಒಂದಿಷ್ಟು ನೀಲಿ ಅಂಟಿಕೊಂಡಿತು.

ಕಾರು ಊರು ದಾಟುವವರೆಗೆ ಇಬ್ಬರೂ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿಕೊಂಡಿದ್ದರು. ಆಮೇಲೆ ಕುಳ್ಳಿ ಎದ್ದು ಕೂತಳು. ಯಾಕೆ, ಎಲ್ಲಿಗೆ ಎಂದು ಕೇಳಲಿಲ್ಲ. ಹೋದ ವರ್ಷವೂ ಹೀಗೇ ಒಂದು ಬಸ್ಸಿನಲ್ಲಿ ಕೂತು ಬಂದಿದ್ದಳು. ಅವತ್ತು ಹಳೆಯ ಹೆಸರನ್ನು ಕಿಟಕಿಯಿಂದ ಹೊರಗೆ ಬಿಟ್ಟು, ಹೊಸದೊಂದನ್ನು ಅಮ್ಮ ಮಗಳು ಆರಿಸಿಕೊಂಡಿದ್ದರು.

“ಅಮ್ಮ, ಅಲ್ಲಿ ನನ್ನ ಹೆಸರೇನು?”

ರಿಂಗಕ್ಕ ಮಗಳನ್ನು ನೋಡಿದಳು. ಆಮೇಲೆ ಮುಂದೆ ಕೂತಿದ್ದವರ ನರೆಗೂದಲನ್ನು ನೋಡಿದಳು. “ಈ ಸಲ ನೀನೇ ಇಟ್ಕೋ,” ಎಂದು ಮಗಳ ಬಾಯಿಯ ಹತ್ತಿರ ಕಿವಿ ತಂದಳು. “ಮೆತ್ತಗೆ ಹೇಳು.”

ಕುಳ್ಳಿ ತುಂಬಾ ಹೊತ್ತು ಯೋಚಿಸಿದಳು. ಅವಳು ಉಸಿರು ಎಳೆದುಕೊಂಡು ಇನ್ನೇನು ಹೇಳಬೇಕು ಎನ್ನುವಾಗ, ಮೇಡಂ ಕೈ ಚಾಚಿ ರೇಡಿಯೊ ಹಾಕಿದರು. ಯಾವುದೋ ವಾರ್ತೆ ಬರುತ್ತಿತ್ತು. ಅದನ್ನು ಹಿಂದಿನ ಸೀಟಿನ ಮಾತು ಕೇಳದಷ್ಟು ಜೋರು ಮಾಡಿ, ರಸ್ತೆ ನೋಡುತ್ತಾ ಓಡಿಸಿದರು.